‘ಗೆ,’ ಅಂತ ಟೈಪ್ ಮಾಡಿದ ಮೇಲೆ ಯಾರ ಹೆಸರು ಹಾಕಲಿ? ಆರೋಗ್ಯ ಸಚಿವರಿಗೆ ಒಂದು ಬಹಿರಂಗ ಪತ್ರ

ಇಂದ,
ಮೈಸೂರಿನ ಒಬ್ಬ ಟೈಪಿಂಗ್ ಅಂಗಡಿಯವನು

ಗೆ,
ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು,
ಕರ್ನಾಟಕ ಸರ್ಕಾರ, ಬೆಂಗಳೂರು

ಪ್ರತಿ: ಮೈಸೂರು ಮತ್ತು ಮಂಡ್ಯ ಜಿಲ್ಲೆಯ ಎಲ್ಲ ಶಾಸಕರಿಗೆ

ವಿಷಯ: ಆಸ್ಪತ್ರೆಗಳ ಮೇಲೆ ಕಣ್ಣಿಡುವವರಿಗೆ ಸ್ವಂತ ಜನ, ಸ್ವಂತ ದುಡ್ಡು ಮತ್ತು ಒಂದೇ ಒಂದು ವಿಳಾಸ ಕೊಡುವ ಬಗ್ಗೆ.

ಮಾನ್ಯರೇ,

ನಾನು ಮೈಸೂರಿನಲ್ಲಿ ಜೆರಾಕ್ಸ್ ಮತ್ತು ಟೈಪಿಂಗ್ ಅಂಗಡಿ ಇಟ್ಟುಕೊಂಡವನು. ಹದಿನೆಂಟು ವರ್ಷ ಆಯಿತು. ಹುಟ್ಟಿದ ಊರು ಮಂಡ್ಯ ಜಿಲ್ಲೆ. ಪಹಣಿ ತಿದ್ದುಪಡಿ, ಪೌತಿ ಖಾತೆ, ವಿಧವಾ ವೇತನ, ರೇಷನ್ ಕಾರ್ಡು, ಹೀಗೆ ಜನರು ಯಾವ ಕಷ್ಟಕ್ಕೆ ಅರ್ಜಿ ಬರೆಸಲು ಬಂದರೂ ಕಂಪ್ಯೂಟರಿನಲ್ಲಿ ‘ಗೆ,’ ಅಂತ ಹೊಡೆದ ಕೂಡಲೇ ಕೈ ತಾನಾಗಿ ಮುಂದಕ್ಕೆ ಓಡುತ್ತದೆ. ತಹಸೀಲ್ದಾರರು. ಉಪವಿಭಾಗಾಧಿಕಾರಿಗಳು. ಪಿಡಿಓ. ಯೋಚನೆ ಮಾಡುವ ಹಾಗೇ ಇಲ್ಲ.

ಆಸ್ಪತ್ರೆ ವಿಷಯದ ಅರ್ಜಿಗೆ ಮಾತ್ರ ಕೈ ನಿಂತುಬಿಡುತ್ತದೆ.

ಹೋದ ವರ್ಷ ಮಳೆಗಾಲದಲ್ಲಿ ಮಳವಳ್ಳಿ ಕಡೆಯ ಒಬ್ಬ ಹೆಣ್ಣುಮಗಳು ಬಂದರು. ಕೈಯಲ್ಲಿ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರ್, ಅದರ ತುಂಬ ಬಿಲ್ಲು. ಮಾವನವರನ್ನು ಒಂದು ಖಾಸಗಿ ಆಸ್ಪತ್ರೆಗೆ ಸೇರಿಸಿದ್ದರು. ಯಾವ ಆಸ್ಪತ್ರೆ ಅನ್ನುವುದು ಈ ಪತ್ರಕ್ಕೆ ಬೇಡ. ಒಂಬತ್ತು ದಿನ ಇದ್ದರು, ಹತ್ತನೇ ದಿನ ತೀರಿಕೊಂಡರು. ಬಿಲ್ಲುಗಳ ಕೆಳಗಿನಿಂದ ಆಕೆ ಮಗಳ ಕಾಪಿ ಪುಸ್ತಕ ತೆಗೆದರು. ಎರಡು ಗೆರೆ ಪುಸ್ತಕ, ಮೊದಲ ನಾಲ್ಕು ಹಾಳೆಯಲ್ಲಿ ಅ ಆ ಇ ಈ ತಿದ್ದಿಸಿದ್ದು. ಐದನೇ ಹಾಳೆಯಿಂದ ಆಕೆಯದೇ ಅಕ್ಷರ. ‘ಸೋಮವಾರ ಬೆಳಗ್ಗೆ 6, ಬಾಟ್ಲು 1. ಮಧ್ಯಾಹ್ನ ಊಟದ ಹೊತ್ತು, ಬಾಟ್ಲು 1, ಸೂಜಿ 2.’ ಮಾವನ ಕೈಗೆ ಎಷ್ಟು ಗ್ಲೂಕೋಸ್ ಬಾಟ್ಲಿ ಏರಿಸಿದರು ಅಂತ ಒಂಬತ್ತು ದಿನವೂ ಬರೆದಿಟ್ಟಿದ್ದರು. ನಾನೂ ಆಕೆಯೂ ಕೂತು ಕೂಡಿದೆವು. ಪುಸ್ತಕದಲ್ಲಿ 14 ಬಾಟ್ಲಿ. ಬಿಲ್ಲಿನಲ್ಲಿ 22.

‘ಅಣ್ಣ, ಇದ್ನ ಯಾರ್ಗ್ ಕೊಡಾದು?’ ಅಂತ ಕೇಳಿದರು. ನಾನು ‘ಗೆ,’ ಅಂತ ಹೊಡೆದು ಕೂತೆ.

ಮಾನ್ಯರೇ, ಆಕೆಯ ಕವರಿನಲ್ಲಿ ಇದ್ದದ್ದು ಒಂದು ಮನೆಯ ಒಂದೇ ಕಷ್ಟ. ಆದರೆ ಸರ್ಕಾರದ ಲೆಕ್ಕದಲ್ಲಿ ಅದು ಐದು ಕಷ್ಟ. ಬಿಲ್ಲಿನ ತಕರಾರು ಇದ್ದರೆ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, ಅಂದರೆ ಎಲ್ಲರೂ ಕೆಪಿಎಂಇ ಅನ್ನುವುದು, ಅದಕ್ಕೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾಧಿಕಾರ. ಡಾಕ್ಟರು ಸರಿಯಾಗಿ ನೋಡಲಿಲ್ಲ ಅಂದರೆ ಬೆಂಗಳೂರಿನ ಕರ್ನಾಟಕ ವೈದ್ಯಕೀಯ ಪರಿಷತ್ತು. ಸೂಜಿ ಹಾಕಿದ ಹುಡುಗಿ ನರ್ಸಿಂಗ್ ಓದಿದವಳೇ ಅಲ್ಲ ಅನ್ನುವ ಅನುಮಾನ ಇದ್ದರೆ ನರ್ಸಿಂಗ್ ಕೌನ್ಸಿಲ್. ಔಷಧಿಗೆ ಎಂಆರ್‌ಪಿಗಿಂತ ಜಾಸ್ತಿ ತೆಗೆದುಕೊಂಡರು ಅಂದರೆ ಔಷಧ ನಿಯಂತ್ರಣದವರು, ಇಲ್ಲವೇ ದೆಹಲಿಯ ಔಷಧ ಬೆಲೆ ಪ್ರಾಧಿಕಾರ. ಆಯುಷ್ಮಾನ್ ಕಾರ್ಡು ತೋರಿಸಿದರೂ ಕೈಯಿಂದ ದುಡ್ಡು ಕಟ್ಟಿಸಿಕೊಂಡರು ಅಂದರೆ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್. ಇಷ್ಟೆಲ್ಲ ವಿಳಾಸ ನನಗೆ ಬಾಯಿಪಾಠ ಆಗಿರುವುದು ಹದಿನೆಂಟು ವರ್ಷ ಇದೇ ಕೆಲಸ ಮಾಡಿದ್ದಕ್ಕೆ. ಗದ್ದೆ ಕೆಲಸ ಬಿಟ್ಟು, ಬಸ್ಸು ಹಿಡಿದು ಬಂದ ಆಕೆಗೆ ಹೇಗೆ ಗೊತ್ತಾಗಬೇಕು?

ಆ ಬೆಲೆ ಪ್ರಾಧಿಕಾರದ ವಿಷಯ ಇಲ್ಲೇ ಹೇಳಿಬಿಡುತ್ತೇನೆ. 1997ರಲ್ಲಿ ಶುರುವಾದ ಸಂಸ್ಥೆ ಅದು. ಒಳ್ಳೆಯ ಕೆಲಸ ಮಾಡಿದೆ. 2017ರ ಫೆಬ್ರವರಿಯಲ್ಲಿ ಹೃದಯಕ್ಕೆ ಹಾಕುವ ಸ್ಟೆಂಟ್‌ಗೆ ಬೆಲೆ ಕಟ್ಟಿತು. ಅಲ್ಲಿಯವರೆಗೆ ಲಕ್ಷದ ಮೇಲೆ ಹೋಗುತ್ತಿದ್ದ ಔಷಧ ಲೇಪನದ ಸ್ಟೆಂಟು 30 ಸಾವಿರದ ಒಳಗೆ ಬಂತು. ಎಷ್ಟು ಮನೆಗಳು ಉಳಿದವೋ. ಆದರೆ ಆ ಪ್ರಾಧಿಕಾರ ಆರೋಗ್ಯ ಸಚಿವಾಲಯದ ಕೆಳಗೆ ಬರುವುದಿಲ್ಲ, ರಾಸಾಯನಿಕ ಮತ್ತು ರಸಗೊಬ್ಬರ ಸಚಿವಾಲಯದ ಕೆಳಗೆ ಬರುತ್ತದೆ. ನಮ್ಮ ಕಡೆ ಯೂರಿಯಾ ಸಿಗದಿದ್ದಾಗ ಯಾವ ಸಚಿವಾಲಯವನ್ನು ಕೇಳುತ್ತೇವೋ ಅದೇ. ಮಾತ್ರೆಯ ಗುಣಮಟ್ಟಕ್ಕೆ ಒಂದು ಮನೆ, ಅದೇ ಮಾತ್ರೆಯ ಬೆಲೆಗೆ ಇನ್ನೊಂದು ಮನೆ. ಹೀಗೆ ಹಂಚಿಕೊಂಡವರು ಯಾರೋ, ಅಲೆಯುವವರು ನಾವು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಕೆಪಿಎಂಇ.

2007ರ ಕಾಯ್ದೆ ಇದು. 2017ರಲ್ಲಿ ತಿದ್ದುಪಡಿ ಆಯಿತು. ಆ ನವೆಂಬರ್ ನನಗೆ ಚೆನ್ನಾಗಿ ನೆನಪಿದೆ. ಬೆಳಗಾವಿಯಲ್ಲಿ ಅಧಿವೇಶನ ನಡೆಯುತ್ತಿತ್ತು, ಖಾಸಗಿ ಡಾಕ್ಟರುಗಳು ಹೊರಗೆ ಧರಣಿ ಕೂತಿದ್ದರು, ಇಲ್ಲಿ ಓಪಿಡಿ ಬಾಗಿಲು ಮುಚ್ಚಿತ್ತು, ಜನ ಮಕ್ಕಳನ್ನು ಎತ್ತಿಕೊಂಡು ಕೆ.ಆರ್. ಆಸ್ಪತ್ರೆ ಕಡೆ ಓಡುತ್ತಿದ್ದರು. ಅಷ್ಟು ದೊಡ್ಡ ಗಲಾಟೆ ಆಗಿ ಬಂದ ಕಾಯ್ದೆಯಲ್ಲಿ ನಮ್ಮಂಥವರಿಗೆ ಬೇಕಾದ ಒಳ್ಳೆಯ ಮಾತುಗಳಿವೆ. ದರಪಟ್ಟಿ ಎಲ್ಲರಿಗೂ ಕಾಣುವ ಹಾಗೆ ಹಾಕಬೇಕು. ತುರ್ತು ಇದ್ದಾಗ ಮುಂಗಡ ಕಟ್ಟಿಲ್ಲ ಅಂತ ಚಿಕಿತ್ಸೆ ನಿಲ್ಲಿಸಬಾರದು. ರೋಗಿ ತೀರಿಕೊಂಡರೆ ಬಾಕಿ ದುಡ್ಡಿಗಾಗಿ ಹೆಣ ಹಿಡಿದಿಟ್ಟುಕೊಳ್ಳಬಾರದು, ಬಾಕಿಯನ್ನು ಆಮೇಲೆ ವಸೂಲಿ ಮಾಡಬೇಕು. ದೂರು ಕೇಳುವುದಕ್ಕೆ ಪ್ರತಿ ಜಿಲ್ಲೆಯಲ್ಲೂ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರ. ಅಧ್ಯಕ್ಷರು ಜಿಲ್ಲಾಧಿಕಾರಿ, ಸದಸ್ಯ ಕಾರ್ಯದರ್ಶಿ ಜಿಲ್ಲಾ ಆರೋಗ್ಯಾಧಿಕಾರಿ.

ಓದುವುದಕ್ಕೆ ಚೆನ್ನಾಗಿದೆ ಅಲ್ವಾ. ಆದರೆ ಆ ಇಬ್ಬರ ದಿನ ಹೇಗಿರುತ್ತದೆ ಅಂತ ನೋಡಿ. ಮಂಡ್ಯದ ಜಿಲ್ಲಾಧಿಕಾರಿಗಳ ಮೇಜಿನ ಮೇಲೆ ನಾಲೆ ನೀರಿನ ಗಲಾಟೆ ಇರುತ್ತದೆ, ಕಬ್ಬಿನ ಬಾಕಿ ಇರುತ್ತದೆ, ಚುನಾವಣೆ ಇರುತ್ತದೆ. ಮೈಸೂರಿನವರಿಗೆ ಇದೆಲ್ಲದರ ಜೊತೆಗೆ ದಸರಾ. ಡಿಎಚ್‌ಓ ಅಂದರೆ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳು, ಲಸಿಕೆ, ಆಂಬುಲೆನ್ಸ್, ಬಾಣಂತಿಯರ ಲೆಕ್ಕ, ಸಿಬ್ಬಂದಿಯ ವರ್ಗಾವಣೆ, ಯಾವುದೋ ಹಾಸ್ಟೆಲಿನಲ್ಲಿ ಮಕ್ಕಳಿಗೆ ವಾಂತಿ ಭೇದಿ ಆದರೆ ರಾತ್ರಿ ಎರಡು ಗಂಟೆಗೂ ಅವರೇ. 2024ರಲ್ಲಿ ಡೆಂಗ್ಯೂ ಬಂದಾಗ ಸೊಳ್ಳೆ ಮರಿ ಹುಡುಕುವವರೂ ಅವರ ಜನ, ಲ್ಯಾಬುಗಳಲ್ಲಿ ಡೆಂಗ್ಯೂ ಪರೀಕ್ಷೆಗೆ ಎಷ್ಟು ತೆಗೆದುಕೊಳ್ಳುತ್ತಾರೆ ಅಂತ ನೋಡಬೇಕಾದವರೂ ಅವರ ಜನ. ಇಂಥವರಿಗೆ ನಾವು ಹೇಳುತ್ತಿರುವುದು ಏನು? ಉಳಿದ ಹೊತ್ತಿನಲ್ಲಿ ಜಿಲ್ಲೆಯ ಎಲ್ಲ ನರ್ಸಿಂಗ್ ಹೋಂ, ಕ್ಲಿನಿಕ್, ಲ್ಯಾಬುಗಳನ್ನೂ ನೋಡಿಕೊಳ್ಳಿ ಅಂತ. ಉಳಿದ ಹೊತ್ತು ಎಲ್ಲಿದೆ?

ಆ ಹೆಣ್ಣುಮಗಳ ಜೊತೆ ನಾನೇ ಒಂದು ಕಚೇರಿಗೆ ಹೋದೆ. ಯಾವ ಕಚೇರಿ ಅಂತ ಬರೆಯುವುದಿಲ್ಲ, ಅಲ್ಲಿದ್ದವರ ಮೇಲೆ ನನಗೆ ಸಿಟ್ಟಿಲ್ಲ. ಟಪಾಲಿನಲ್ಲಿ ಅರ್ಜಿ ಕೊಟ್ಟು ಸೀಲು ಹಾಕಿಸಿಕೊಂಡೆವು. ಕೇಸ್ ವರ್ಕರ್ ನನಗಿಂತ ಚಿಕ್ಕವರು. ಕಾಪಿ ಪುಸ್ತಕವನ್ನು ಹಾಳೆ ಹಾಳೆ ತಿರುಗಿಸಿ ನೋಡಿದರು, ಬೇಗ ಮುಚ್ಚಲಿಲ್ಲ. ಅವರ ಬೆನ್ನ ಹಿಂದೆ ಕಿಟಕಿಯ ಎತ್ತರಕ್ಕೆ ಕಡತ. ‘ಸರ್, ಇದಕ್ಕೆ ಒಬ್ಬರು ಆಸ್ಪತ್ರೆಗೆ ಹೋಗಿ ಕೇಸ್ ಶೀಟ್ ತಂದು ಬಿಲ್ಲಿನ ಜೊತೆ ತಾಳೆ ನೋಡಬೇಕು. ಆ ಒಬ್ಬರು ಅಂದರೆ ನಾನೇ. ನನಗೆ ಇದರ ಜೊತೆ ಇನ್ನೂ ಮೂರು ಟೇಬಲ್ ಇದೆ’ ಅಂದರು. ಐದು ತಿಂಗಳ ಮೇಲೆ ಒಂದು ಹಿಂಬರಹ ಬಂತು. ಅರ್ಜಿಯಲ್ಲಿ ಚಿಕಿತ್ಸೆಯ ಲೋಪದ ಮಾತೂ ಇರುವುದರಿಂದ ವೈದ್ಯಕೀಯ ಪರಿಷತ್ತಿಗೆ ಹೋಗಿ ಅಂತ. ಬಾಟ್ಲಿಯ ಲೆಕ್ಕದ ಬಗ್ಗೆ ಒಂದು ಸಾಲೂ ಇರಲಿಲ್ಲ.

ವೈದ್ಯಕೀಯ ಪರಿಷತ್ತಿನ ಕಥೆ ಬೇರೆ. ಡಾಕ್ಟರುಗಳ ಹೆಸರು ನೋಂದಾಯಿಸುವುದು, ಕೆಟ್ಟ ನಡತೆ ಇದ್ದರೆ ಆ ಹೆಸರು ತೆಗೆಯುವುದು ಅದರ ಕೆಲಸ. 1961ರ ರಾಜ್ಯ ಕಾಯ್ದೆಯ ಕೆಳಗೆ ಬಂದದ್ದು. ಡಾಕ್ಟರುಗಳು ಕಟ್ಟುವ ಶುಲ್ಕ ಅದರ ಆದಾಯ. ಡಾಕ್ಟರುಗಳು ಮತ ಹಾಕಿ ಆರಿಸಿದವರು ಅದರಲ್ಲಿ ಕೂರುತ್ತಾರೆ, ಸರ್ಕಾರ ನೇಮಿಸಿದವರೂ ಇರುತ್ತಾರೆ. ಡಾಕ್ಟರ ಕೆಲಸವನ್ನು ಡಾಕ್ಟರೇ ತೂಗಬೇಕು, ಅದನ್ನು ನಾನೂ ಒಪ್ಪುತ್ತೇನೆ. ಹೊಟ್ಟೆ ಕೊಯ್ದದ್ದು ಸರಿಯೋ ತಪ್ಪೋ ಅಂತ ಟೈಪಿಂಗ್ ಅಂಗಡಿಯವನು ಹೇಳುವುದಕ್ಕೆ ಆಗುವುದಿಲ್ಲ. ಆದರೆ ಹೆಚ್ಚಾಗಿ ಅವರೇ ಕೂತು, ಅವರ ದುಡ್ಡಿನಲ್ಲೇ ನಡೆದು, ತೀರ್ಪೂ ಅವರದೇ ಆದರೆ ಸತ್ತವರ ಮನೆಯವರಿಗೆ ನಂಬಿಕೆ ಹೇಗೆ ಬರುತ್ತದೆ?

ಇದು ಸುಮ್ನೆ ಅನುಮಾನ ಅಲ್ಲ, ದೇಶ ಕಂಡದ್ದು. ಭಾರತೀಯ ವೈದ್ಯಕೀಯ ಪರಿಷತ್ತಿನ ಅಧ್ಯಕ್ಷರನ್ನೇ 2010ರಲ್ಲಿ ಸಿಬಿಐ ಲಂಚದ ಆರೋಪದ ಮೇಲೆ ಬಂಧಿಸಿತು, ಸರ್ಕಾರ ಇಡೀ ಪರಿಷತ್ತನ್ನು ಬದಿಗಿಟ್ಟು ಆಡಳಿತ ಮಂಡಳಿ ನೇಮಿಸಬೇಕಾಯಿತು. ಕೊನೆಗೆ 2019ರಲ್ಲಿ ಹೊಸ ಕಾಯ್ದೆ ಬಂದು, 2020ರ ಸೆಪ್ಟೆಂಬರ್ 25ರಿಂದ ಅದರ ಜಾಗಕ್ಕೆ ರಾಷ್ಟ್ರೀಯ ವೈದ್ಯಕೀಯ ಆಯೋಗ ಬಂತು. ಚುನಾವಣೆ ತೆಗೆದರು, ಸರ್ಕಾರವೇ ನೇಮಕ ಮಾಡುವ ಪದ್ಧತಿ ತಂದರು, ಕೆಳಗೆ ನಾಲ್ಕು ಮಂಡಳಿ ಮಾಡಿದರು. ಆದರೂ 2025ರಲ್ಲಿ ಮೆಡಿಕಲ್ ಕಾಲೇಜುಗಳ ತಪಾಸಣೆಯಲ್ಲಿ ಲಂಚ ಅಂತ ಸಿಬಿಐ ಮತ್ತೆ ಕೇಸು ಹಾಕಿತು. ಬೋರ್ಡು ಬದಲಾಯಿಸಿದರೆ ಸಾಲದು ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕಾ?

ಇನ್ನೊಂದು ವಿಷಯ ಗೊತ್ತಾದ ದಿನ ನನಗೆ ನಿಜವಾಗಿ ನೋವಾಯಿತು. ಆ 2019ರ ಕಾಯ್ದೆಯ 30ನೇ ಸೆಕ್ಷನ್ ಓದಿ. ರಾಜ್ಯ ಪರಿಷತ್ತಿನ ತೀರ್ಮಾನ ಸರಿ ಕಾಣದಿದ್ದರೆ ಆಯೋಗದ ನೈತಿಕ ಮಂಡಳಿಗೆ ಮೇಲ್ಮನವಿ ಹಾಕಬಹುದು ಅಂತ ಅಲ್ಲಿ ಇದೆ. ಯಾರು ಹಾಕಬಹುದು? ವೈದ್ಯರು. ದೂರು ಕೊಟ್ಟ ರೋಗಿಯ ಮಾತೇ ಆ ಸಾಲಿನಲ್ಲಿ ಇಲ್ಲ. ಒಂದು ಜಗಳದಲ್ಲಿ ಇಬ್ಬರಿದ್ದು, ಮೇಲಿನ ಮೆಟ್ಟಿಲು ಒಬ್ಬರಿಗೆ ಮಾತ್ರ ಬರೆದಿಟ್ಟಿದ್ದಾರೆ. ಕೇಂದ್ರದ ಕಾಯ್ದೆ, ನಿಮ್ಮ ಕೈಯಲ್ಲಿ ಇಲ್ಲ, ನಿಜ. ಆದರೆ ರಾಜ್ಯದ ಮಂತ್ರಿಯಾಗಿ ನೀವು ದೆಹಲಿಗೆ ಒಂದು ಕಾಗದ ಬರೆಯಬಹುದು. ಬೇಕಾದರೆ ಅದನ್ನು ನಾನೇ ಟೈಪ್ ಮಾಡಿಕೊಡುತ್ತೇನೆ, ದುಡ್ಡು ಬೇಡ.

ಬ್ರಿಟನ್ನಿನಲ್ಲೂ ವೈದ್ಯರ ಪರಿಷತ್ತು ವೈದ್ಯರ ಶುಲ್ಕದಿಂದಲೇ ನಡೆಯುತ್ತದೆ. ಆದರೆ ಅದರ ಆಡಳಿತ ಮಂಡಳಿಯ 12 ಜನರಲ್ಲಿ 6 ಜನ ಡಾಕ್ಟರುಗಳೇ ಅಲ್ಲ, ಹೊರಗಿನ ಜನ. ಅಂಥ ಹತ್ತು ಪರಿಷತ್ತುಗಳ ಮೇಲೆ ಕಣ್ಣಿಡಲು ಇನ್ನೊಂದು ಸಂಸ್ಥೆ, ಅದು ಉತ್ತರ ಕೊಡಬೇಕಾದದ್ದು ಪಾರ್ಲಿಮೆಂಟಿಗೆ. ಇಂಗ್ಲೆಂಡಿನ ಆಸ್ಪತ್ರೆಗಳನ್ನು ತಪಾಸಣೆ ಮಾಡುವುದಕ್ಕೆ ಬೇರೆಯೇ ಆಯೋಗ ಇದೆ, ಅದೂ ಹೆಚ್ಚಾಗಿ ಆಸ್ಪತ್ರೆಗಳ ಶುಲ್ಕದಿಂದಲೇ. ಆಯೋಗ ಕೊಟ್ಟ ದರ್ಜೆಯನ್ನು ಆಸ್ಪತ್ರೆ ಜನರಿಗೆ ಕಾಣುವ ಹಾಗೆ ಹಾಕಲೇಬೇಕು. ಅಲ್ಲೂ ಎಲ್ಲ ಸರಿ ಇಲ್ಲ. ತಪಾಸಣೆ ಕಡಿಮೆಯಾಗಿದೆ, ಈ ಆಯೋಗ ಕೆಲಸಕ್ಕೆ ಬರುವ ಸ್ಥಿತಿಯಲ್ಲಿಲ್ಲ ಅಂತ 2024ರಲ್ಲಿ ಅಲ್ಲಿನ ಆರೋಗ್ಯ ಮಂತ್ರಿಯೇ ಹೇಳಿದರು. ಆದರೆ ಹಾಗೆ ಹೇಳುವುದಕ್ಕೆ ಅವರ ಕೈಯಲ್ಲಿ ಲೆಕ್ಕ ಇತ್ತು. ಎಷ್ಟು ತಪಾಸಣೆ ಆಗಬೇಕಿತ್ತು, ಎಷ್ಟು ಆಯಿತು ಅನ್ನುವುದು ಎಲ್ಲರ ಮುಂದೆ ಇತ್ತು. ನಮ್ಮ ಜಿಲ್ಲೆಯಲ್ಲಿ ನೀವು ಅಂಥ ಮಾತು ಹೇಳಬೇಕೆಂದರೂ ಯಾವ ಲೆಕ್ಕ ಹಿಡಿದು ಹೇಳುತ್ತೀರಿ?

ಈಗ ಮಂಡ್ಯದವನಾಗಿ ಹೇಳಲೇಬೇಕಾದ ಮಾತು. ಬರೆಯುವಾಗ ಕೈ ಭಾರ ಆಗುತ್ತದೆ.

2023ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಬೈಯಪ್ಪನಹಳ್ಳಿ ಪೊಲೀಸರು ವಾಹನ ತಪಾಸಣೆ ಮಾಡುವಾಗ ಒಂದು ಕಾರು ಸಿಕ್ಕಿತು. ಅದರ ಜಾಡು ಹಿಡಿದು ಹೋದರೆ ಮಂಡ್ಯದ ಒಂದು ಆಲೆಮನೆ. ಬೆಲ್ಲ ಕಾಯಿಸುವ ಜಾಗದಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡು ಬಸುರಿಯರ ಹೊಟ್ಟೆಯಲ್ಲಿರುವುದು ಗಂಡೋ ಹೆಣ್ಣೋ ಅಂತ ಹೇಳುತ್ತಿದ್ದರು. ಹೆಣ್ಣು ಅಂದರೆ ಮೈಸೂರಿನ ಒಂದು ಆಸ್ಪತ್ರೆಯಲ್ಲಿ ಗರ್ಭ ತೆಗೆಸುತ್ತಿದ್ದರು. ಮೂರು ವರ್ಷದಲ್ಲಿ 900ರಷ್ಟು ಅಂತ ಪೊಲೀಸರು ಹೇಳಿದರು. ಕೇಸು ಸಿಐಡಿಗೆ ಹೋಯಿತು. ಆರು ತಿಂಗಳು ಕಳೆದಿತ್ತು ಅಷ್ಟೇ, 2024ರ ಮೇ ತಿಂಗಳಲ್ಲಿ ಪಾಂಡವಪುರದಲ್ಲಿ ಆರೋಗ್ಯ ಇಲಾಖೆಯ ವಸತಿಗೃಹದಲ್ಲೇ ಇದೇ ದಂಧೆ ಸಿಕ್ಕಿತು.

ಚಿಕ್ಕವನಿದ್ದಾಗ ಆಲೆಮನೆ ಅಂದರೆ ನಮಗೆ ಹಬ್ಬ. ಕೊಪ್ಪರಿಗೆಯ ಪಕ್ಕ ಕೂತು ಬಿಸಿ ಬೆಲ್ಲ ಬಾಳೆಲೆಯ ಮೇಲೆ ಹಾಕಿಸಿಕೊಳ್ಳುತ್ತಿದ್ದೆವು. ಆ ಜಾಗದ ಹೆಸರು ಈಗ ಹೀಗೆ ಪೇಪರಿನಲ್ಲಿ ಬಂತು.

ಇದಕ್ಕೆ ಕಾಯ್ದೆ ಇರಲಿಲ್ಲವಾ? ಇತ್ತು. 1994ರದ್ದು, ಹೊಟ್ಟೆಯಲ್ಲಿರುವುದು ಗಂಡೋ ಹೆಣ್ಣೋ ಅಂತ ಪತ್ತೆ ಮಾಡುವುದನ್ನು ತಡೆಯುವ ಕಾಯ್ದೆ, ಪಿಸಿಪಿಎನ್‌ಡಿಟಿ ಅನ್ನುವುದು. ನೋಂದಣಿ ಇಲ್ಲದವರಿಗೆ ಸ್ಕ್ಯಾನಿಂಗ್ ಯಂತ್ರ ಮಾರುವ ಹಾಗೇ ಇಲ್ಲ. ಪ್ರತಿ ಸ್ಕ್ಯಾನಿಂಗಿಗೂ ‘ಎಫ್’ ಫಾರಂ ತುಂಬಬೇಕು. ನೋಂದಾಯಿತ ಸೆಂಟರುಗಳನ್ನು 90 ದಿನಕ್ಕೊಮ್ಮೆ ಅಧಿಕಾರಿಗಳು ನೋಡಬೇಕು. ದುಡ್ಡಿನ ದಾರಿಯನ್ನೂ ಅದರ ನಿಯಮದಲ್ಲಿ ಸರಿಯಾಗಿ ಬರೆದಿದ್ದಾರೆ, ದಯವಿಟ್ಟು ಗಮನಿಸಿ: ನೋಂದಣಿಗೆ 25 ಸಾವಿರ ಅಥವಾ 35 ಸಾವಿರ ಶುಲ್ಕ, ಆ ದುಡ್ಡು ಅಧಿಕಾರಿಯ ಹುದ್ದೆಯ ಹೆಸರಿನ ಬ್ಯಾಂಕ್ ಖಾತೆಗೇ ಹೋಗಬೇಕು, ಈ ಕಾಯ್ದೆ ಜಾರಿ ಮಾಡುವ ಕೆಲಸಕ್ಕೇ ಖರ್ಚಾಗಬೇಕು. ಇಷ್ಟು ಚೆನ್ನಾಗಿ ಬರೆದ ನಿಯಮ ಬೇರೆ ಎಲ್ಲೂ ನಾನು ನೋಡಿಲ್ಲ. ಆದರೂ ಆಲೆಮನೆಯನ್ನು ಕಂಡುಹಿಡಿದದ್ದು ಬೇರೆ ಜಿಲ್ಲೆಯ ಟ್ರಾಫಿಕ್‌ನಲ್ಲಿ ಕಾರು ನಿಲ್ಲಿಸಿದ ಪೊಲೀಸರು. ಕಾರಣ ಇಷ್ಟೇ. 90 ದಿನಕ್ಕೊಮ್ಮೆ ರಿಜಿಸ್ಟರ್ ನೋಡುವ ಕೆಲಸ ನೋಂದಣಿ ಇರುವವರ ಹತ್ತಿರ ನಡೆಯುತ್ತದೆ. ನೋಂದಣಿ ಇಲ್ಲದವರನ್ನು ಹುಡುಕಬೇಕಾದರೆ ಊರೂರು ತಿರುಗುವ, ಆಶಾ ಕಾರ್ಯಕರ್ತೆಯರ ಮಾತು ಕೇಳುವ, ಯಂತ್ರ ಎಲ್ಲಿಂದ ಎಲ್ಲಿಗೆ ಹೋಯಿತು ಅಂತ ಜಾಡು ಹಿಡಿಯುವ ಜನ ಬೇಕು. ಅದೇ ಕೆಲಸಕ್ಕೆ ಅಂತ ಇರುವ ಜನ. ಡೆಂಗ್ಯೂಗೂ ಚುನಾವಣೆಗೂ ಎಳೆದುಕೊಂಡು ಹೋಗದ ಜನ.

ಹಾಗಾಗಿ ನನ್ನ ಮೊದಲ ಕೇಳಿಕೆ ಇದೇ. ಮೈಸೂರು, ಮಂಡ್ಯ ಎರಡೂ ಜಿಲ್ಲೆಯಲ್ಲಿ ಆಸ್ಪತ್ರೆ ತಪಾಸಣೆಗೆ ಅಂತಲೇ ಒಂದು ತಂಡ ಕೊಡಿ. ಒಬ್ಬ ಡಾಕ್ಟರು, ಬಿಲ್ಲು ಓದಲು ಬರುವ ಒಬ್ಬ ಲೆಕ್ಕದವರು, ಒಬ್ಬ ನರ್ಸು, ಒಂದು ಗಾಡಿ. ಅವರಿಗೆ ಬೇರೆ ಯಾವ ಟೇಬಲ್ಲೂ ಬೇಡ. ನಮ್ಮ ಕೇಸ್ ವರ್ಕರ್ ತರಲಾಗದ ಆ ಕೇಸ್ ಶೀಟನ್ನು ಇವರು ಮಾರನೇ ದಿನ ಹೋಗಿ ತರಬಹುದು.

ದುಡ್ಡು ಎಲ್ಲಿಂದ ಅಂತ ನೀವು ಕೇಳುತ್ತೀರಿ. ಪಿಸಿಪಿಎನ್‌ಡಿಟಿಯಲ್ಲಿ ಬರೆದ ದಾರಿಯನ್ನೇ ಕೆಪಿಎಂಇಗೂ ಹಿಡಿಯಿರಿ. ಆಸ್ಪತ್ರೆಗಳು ಐದು ವರ್ಷಕ್ಕೊಮ್ಮೆ ನೋಂದಣಿ ಶುಲ್ಕ ಕಟ್ಟುತ್ತವೆ, ಹಾಸಿಗೆ ಜಾಸ್ತಿ ಇದ್ದವರು ಜಾಸ್ತಿ ಕಟ್ಟುತ್ತಾರೆ. ಆ ದುಡ್ಡು ತಪಾಸಣೆಗೇ ಮೀಸಲಾಗಲಿ. ಯಾವ ಜಿಲ್ಲೆಯಲ್ಲಿ ಎಷ್ಟು ಬಂತು, ಎಷ್ಟು ತಪಾಸಣೆ ಆಯಿತು, ಎಷ್ಟು ದೂರು ಬಂತು, ಎಷ್ಟು ತೀರಿತು ಅನ್ನುವುದನ್ನು ಡಿಎಚ್‌ಓ ಕಚೇರಿಯ ಗೋಡೆಯ ಮೇಲೆ ವರ್ಷಕ್ಕೊಮ್ಮೆ ಬರೆಸಿ. ಪಂಚಾಯಿತಿ ಗೋಡೆಯ ಮೇಲೆ ನರೇಗಾ ಕೆಲಸದ ಲೆಕ್ಕ ಬರೆಸುವುದಿಲ್ಲವಾ, ಹಾಗೆ.

ಆಸ್ಪತ್ರೆಗಳ ದುಡ್ಡಿನಲ್ಲೇ ಆಸ್ಪತ್ರೆ ಕಾಯುವವರನ್ನು ಸಾಕಿದರೆ ಅವರು ಆಸ್ಪತ್ರೆಗಳ ಮಾತೇ ಕೇಳುವುದಿಲ್ಲವಾ ಅಂತ ನನ್ನ ಹೆಂಡತಿ ಕೇಳಿದಳು. ಸರಿಯಾದ ಪ್ರಶ್ನೆ. ಅಮೆರಿಕದಲ್ಲಿ 1992ರಿಂದ ಔಷಧ ಕಂಪನಿಗಳು ತಮ್ಮ ಹೊಸ ಔಷಧದ ಪರಿಶೀಲನೆಗೆ ತಾವೇ ಶುಲ್ಕ ಕಟ್ಟುತ್ತವೆ, ಅಲ್ಲೂ ಇವತ್ತಿನವರೆಗೆ ಇದೇ ಚರ್ಚೆ ಮುಗಿದಿಲ್ಲ. ನನಗೆ ಇದಕ್ಕೆ ಉತ್ತರ ಸಿಕ್ಕಿದ್ದು ನಮ್ಮೂರ ಕೆರೆಯಲ್ಲಿ. ಕೆರೆಗೆ ಒಬ್ಬ ನೀರುಗಂಟಿ ಇದ್ದ. ತೂಬು ಎತ್ತುವವನು, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ಹೇಳುವವನು ಅವನೇ. ಸುಗ್ಗಿಯಲ್ಲಿ ಎಲ್ಲರೂ ಕಣದಲ್ಲೇ ಅವನಿಗೆ ಭತ್ತ ಅಳೆದು ಆಯ ಕೊಡುತ್ತಿದ್ದರು. ಹತ್ತು ಎಕರೆಯ ಗೌಡರೂ ಕೊಡುತ್ತಿದ್ದರು, ಹತ್ತು ಗುಂಟೆಯವನೂ ಕೊಡುತ್ತಿದ್ದ, ಅವರವರ ಜಮೀನಿಗೆ ತಕ್ಕ ಹಾಗೆ. ಆದರೆ ಅವನನ್ನು ಇಡುವುದು, ಬಿಡಿಸುವುದು ಇಡೀ ಊರಿನ ತೀರ್ಮಾನ, ಗೌಡರೊಬ್ಬರದು ಅಲ್ಲ. ಈ ವರ್ಷ ನೀರು ಕಡಿಮೆ ಬಿಟ್ಟೆ ಅಂತ ಯಾರೂ ಅವನ ಆಯ ಹಿಡಿಯುವ ಹಾಗಿರಲಿಲ್ಲ. ಕೊನೇ ಗದ್ದೆಯವನಿಗೆ ನೀರು ಮುಟ್ಟಿತಾ ಅನ್ನುವುದೇ ಅವನ ಕೆಲಸದ ಪರೀಕ್ಷೆ. ದುಡ್ಡು ಯಾರದ್ದು ಅನ್ನುವುದಕ್ಕಿಂತ, ಆ ದುಡ್ಡನ್ನು ನಿಲ್ಲಿಸುವ ಕೈ ಯಾರದ್ದು ಅನ್ನುವುದು ದೊಡ್ಡದು. ಶುಲ್ಕ ಕಾಯ್ದೆಯಲ್ಲಿ ಕಟ್ಟಿದ್ದಾಗಿರಲಿ, ನೇಮಕ ಆಸ್ಪತ್ರೆಗಳ ಕೈಯಲ್ಲೂ ಇರಬಾರದು, ಸ್ಥಳೀಯ ರಾಜಕಾರಣಿಗಳ ಕೈಯಲ್ಲೂ ಇರಬಾರದು. ಮಧ್ಯದಲ್ಲಿ ವರ್ಗಾವಣೆ ಮಾಡುವುದಕ್ಕೂ ಕಾರಣ ಬರೆಯಬೇಕು.

ಡಾಕ್ಟರುಗಳ ಕಡೆಯ ಮಾತನ್ನೂ ಹೇಳದಿದ್ದರೆ ತಪ್ಪಾಗುತ್ತದೆ. ನಮ್ಮ ರಸ್ತೆಯಲ್ಲಿ ಒಬ್ಬ ಡಾಕ್ಟರು ಹದಿನೈದು ಹಾಸಿಗೆಯ ನರ್ಸಿಂಗ್ ಹೋಂ ನಡೆಸುತ್ತಾರೆ, ಫಾರಂ ಎಲ್ಲ ನನ್ನ ಹತ್ತಿರವೇ ಟೈಪ್ ಮಾಡಿಸುತ್ತಾರೆ. ಕೆಪಿಎಂಇ ಒಂದು. ಆಸ್ಪತ್ರೆ ಕಸಕ್ಕೆ ಮಾಲಿನ್ಯ ನಿಯಂತ್ರಣ ಮಂಡಳಿ. ಎಕ್ಸ್‌ರೇಗೆ ಮುಂಬೈಯ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ. ಸ್ಕ್ಯಾನಿಂಗಿಗೆ ಪಿಸಿಪಿಎನ್‌ಡಿಟಿ. ಮೆಡಿಕಲ್ ಸ್ಟೋರಿಗೆ ಔಷಧ ನಿಯಂತ್ರಣದವರ ಲೈಸೆನ್ಸು. ಲಿಫ್ಟಿಗೆ ವಿದ್ಯುತ್ ಪರಿವೀಕ್ಷಕರು. ಬೆಂಕಿಗೆ ಅಗ್ನಿಶಾಮಕ. ಒಂದೊಂದರ ಅವಧಿಯೂ ಬೇರೆ ಬೇರೆ. ‘ರೋಗಿ ನೋಡಲಾ, ರಿನ್ಯೂವಲ್ ಮಾಡಿಸಲಾ’ ಅಂತ ಅವರು ಕೇಳುವಾಗ ಅವರ ಮುಖದಲ್ಲಿ ನಿಜವಾದ ಸುಸ್ತು ಕಾಣುತ್ತದೆ. ಮಂಡ್ಯದ ಐದು ರೂಪಾಯಿ ಡಾಕ್ಟರ್ ಶಂಕರೇಗೌಡರನ್ನು ಗೊತ್ತಿಲ್ಲದವರು ನಮ್ಮ ಕಡೆ ಯಾರೂ ಇಲ್ಲ. ಅಂಥವರ ಕ್ಲಿನಿಕ್ಕಿಗೂ ಮುನ್ನೂರು ಹಾಸಿಗೆಯ ಆಸ್ಪತ್ರೆಗೂ ಒಂದೇ ತಕ್ಕಡಿ ಹಿಡಿಯಬೇಡಿ. ಅವರಿಗೂ ಒಂದೇ ಕಿಟಕಿ ಮಾಡಿಕೊಡಿ. ಕಾಗದ ಕಡಿಮೆ ಆಗಲಿ, ಕಣ್ಣಿಡುವುದು ಜಾಸ್ತಿ ಆಗಲಿ.

ಸರ್ಕಾರಿ ಆಸ್ಪತ್ರೆಗಳ ಮಾತು. ಕೆಪಿಎಂಇ ಹೆಸರಿನಲ್ಲೇ ‘ಖಾಸಗಿ’ ಅಂತ ಇದೆ, ಸರ್ಕಾರಿ ಆಸ್ಪತ್ರೆಗೆ ಅದು ಮುಟ್ಟುವುದಿಲ್ಲ. ಮೈಸೂರಿನ ಕೆ.ಆರ್. ಆಸ್ಪತ್ರೆ, ಚೆಲುವಾಂಬ, ಮಂಡ್ಯದ ಮಿಮ್ಸ್ ಎಲ್ಲ ವೈದ್ಯಕೀಯ ಶಿಕ್ಷಣ ಇಲಾಖೆಯವು. ಬಡವರು ಜಾಸ್ತಿ ಹೋಗುವುದು ಅಲ್ಲಿಗೇ. ಅಲ್ಲಿ ತಪ್ಪಾದರೆ ದೂರು ಕೊಡಬೇಕಾದದ್ದು ಅದೇ ಆಸ್ಪತ್ರೆ ನಡೆಸುವ ಇಲಾಖೆಗೆ. ನಡೆಸುವವರೂ ಅವರೇ, ನೋಡುವವರೂ ಅವರೇ ಆದರೆ ಏನಾಗುತ್ತದೆ ಅಂತ ಬಳ್ಳಾರಿ ತೋರಿಸಿತು.

2024ರ ನವೆಂಬರ್. ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು. ಅನುಮಾನ ಬಂದದ್ದು ಅವರಿಗೆ ಏರಿಸಿದ ರಿಂಗರ್ ಲ್ಯಾಕ್ಟೇಟ್ ಬಾಟ್ಲಿಗಳ ಮೇಲೆ. ಆಮೇಲೆ ಹೊರಗೆ ಬಂದ ವಿಷಯ ಕೇಳಿ ನನಗೆ ನಿದ್ದೆ ಬರಲಿಲ್ಲ. ಆ ಕಂಪನಿಯ ಕೆಲವು ಬ್ಯಾಚುಗಳನ್ನು ರಾಜ್ಯದ ಲ್ಯಾಬ್ ಮೊದಲೇ ಗುಣಮಟ್ಟ ಇಲ್ಲ ಅಂದಿತ್ತು. ಕಂಪನಿ ಕೇಂದ್ರದ ಲ್ಯಾಬಿಗೆ ಹೋಯಿತು, ಅಲ್ಲಿ ಸರಿ ಇದೆ ಅಂತ ಬಂತು. 1940ರ ಔಷಧ ಕಾಯ್ದೆಯಲ್ಲಿ ಕೇಂದ್ರದ ಲ್ಯಾಬಿನ ಮಾತೇ ಕೊನೆ. ಸರ್ಕಾರಿ ಆಸ್ಪತ್ರೆಗೆ ಬಾಟ್ಲಿ ಕೊಳ್ಳುವ ನಿಗಮವೂ ನಿಮ್ಮ ಇಲಾಖೆಯದು, ಬಾಟ್ಲಿ ಪರೀಕ್ಷೆ ಮಾಡಿಸುವ ಔಷಧ ನಿಯಂತ್ರಣವೂ ನಿಮ್ಮ ಇಲಾಖೆಯದು. ಕೊನೆಗೆ ಔಷಧ ನಿಯಂತ್ರಕರನ್ನು ಅಮಾನತು ಮಾಡಿದಿರಿ. ಒಬ್ಬರನ್ನು ಅಮಾನತು ಮಾಡಿದ್ದರಿಂದ ಈ ಕಟ್ಟಡದ ಗೋಡೆಗಳು ಬದಲಾಗುವುದಿಲ್ಲ. ಕೊಳ್ಳುವವರ ಮತ್ತು ಪರೀಕ್ಷಿಸುವವರ ಮಧ್ಯೆ ಒಂದು ಗೋಡೆ ಇರಲೇಬೇಕು. ಪರೀಕ್ಷೆಯ ವರದಿ ಜನರಿಗೆ ಕಾಣಬೇಕು. ಎರಡು ಲ್ಯಾಬ್ ಎರಡು ಮಾತು ಹೇಳಿದ ದಿನವೇ, ಮೂರನೆಯ ಉತ್ತರ ಬರುವವರೆಗೆ ಆ ಬಾಟ್ಲಿ ಯಾವ ಹೆಣ್ಣುಮಗಳ ಕೈಗೂ ಏರಬಾರದು.

ಆಗುವುದಿಲ್ಲ ಅಂತ ಮಾತ್ರ ಹೇಳಬೇಡಿ. 2024ರ ಅದೇ ಡೆಂಗ್ಯೂ ಸಮಯದಲ್ಲಿ ಪರೀಕ್ಷೆಗೆ ಒಟ್ಟು 600 ರೂಪಾಯಿಗಿಂತ ಹೆಚ್ಚು ತೆಗೆದುಕೊಳ್ಳಬಾರದು ಅಂತ ಸರ್ಕಾರ ಆದೇಶ ಮಾಡಿತು. ಪೇಪರಿನಲ್ಲಿ ಬಂತು, ಟಿವಿಯಲ್ಲಿ ಬಂತು. ನನ್ನ ಅಂಗಡಿಗೆ ಬಂದವರು ಆ ಆದೇಶದ ಜೆರಾಕ್ಸ್ ತೆಗೆಸಿಕೊಂಡು ಲ್ಯಾಬಿಗೆ ಹೋದರು. ಸಂಖ್ಯೆ ಗೊತ್ತಿದ್ದರೆ ಜನರೇ ಕೇಳುತ್ತಾರೆ. ನಾನು ಹೋಗಿ ನೋಡಿದ ಒಂದು ಆಸ್ಪತ್ರೆಯಲ್ಲಿ ದರಪಟ್ಟಿ ಇತ್ತು, ಎ4 ಹಾಳೆಯಲ್ಲಿ, ಇಂಗ್ಲಿಷಿನಲ್ಲಿ, ಕುಡಿಯುವ ನೀರಿನ ಫಿಲ್ಟರಿನ ಹಿಂದೆ ಅಂಟಿಸಿತ್ತು. ನೀರು ಚಿಮ್ಮಿ ಕೆಳಗಿನ ಅರ್ಧ ಅಳಿಸಿತ್ತು. ನಾನು ದಿನಾ ಅಕ್ಷರ ನೋಡುವವನು, ನನಗೇ ಓದಲು ಆಗಲಿಲ್ಲ.

ಕೊನೆಯ ಕೇಳಿಕೆ, ನನ್ನ ಕಸುಬಿನದ್ದು. ಒಂದು ವಿಳಾಸ ಕೊಡಿ. ಬಿಲ್ಲೋ, ಡಾಕ್ಟರೋ, ಔಷಧಿಯೋ, ನರ್ಸೋ, ಕಾರ್ಡೋ, ಯಾವುದೇ ಇರಲಿ, ಜಿಲ್ಲೆಯಲ್ಲಿ ಒಂದೇ ಕಿಟಕಿಯಲ್ಲಿ ಅರ್ಜಿ ತೆಗೆದುಕೊಳ್ಳಿ. ಯಾವ ತುಂಡು ಯಾವ ಪರಿಷತ್ತಿಗೆ ಹೋಗಬೇಕು ಅನ್ನುವುದನ್ನು ಒಳಗೆ ಕೂತವರು ವಿಂಗಡಿಸಲಿ. ಅರ್ಜಿದಾರರಿಗೆ ಒಂದು ನಂಬರು ಕೊಡಿ, ಉತ್ತರಕ್ಕೆ ಒಂದು ದಿನಾಂಕ ಕೊಡಿ. ‘ನಮ್ಮ ವ್ಯಾಪ್ತಿಗೆ ಬರುವುದಿಲ್ಲ’ ಅನ್ನುವ ಹಿಂಬರಹ ಜನರ ಮನೆಗೆ ಹೋಗುವುದು ನಿಲ್ಲಲಿ. ಪ್ರಾಧಿಕಾರದ ಸಭೆಯಲ್ಲಿ ಡಾಕ್ಟರೂ ಅಲ್ಲದ, ಅಧಿಕಾರಿಯೂ ಅಲ್ಲದ ಜನರನ್ನು ಕೂರಿಸಿ. ಕಾಪಿ ಪುಸ್ತಕದಲ್ಲಿ ಬಾಟ್ಲಿ ಲೆಕ್ಕ ಬರೆದಿಡುವಂಥವರು ನಮ್ಮ ಎರಡೂ ಜಿಲ್ಲೆಯಲ್ಲಿ ಬೇಕಾದಷ್ಟು ಜನ ಇದ್ದಾರೆ.

ಆ ಹೆಣ್ಣುಮಗಳು ಮೊನ್ನೆ ಮತ್ತೆ ಬಂದಿದ್ದರು. ಪರಿಷತ್ತಿಗೆ ಕೊಡುವ ಅರ್ಜಿ ಟೈಪ್ ಮಾಡಿಕೊಟ್ಟೆ. ಬೆಂಗಳೂರಿಗೆ ಹೋಗಿ ಬರಲು ಒಂದು ದಿನದ ಕೂಲಿ, ಬಸ್ಸಿನ ಖರ್ಚು. ಕಾಪಿ ಪುಸ್ತಕದ ಮೂಲ ಪ್ರತಿ ಕೊಡಬೇಕಾ ಅಂತ ಕೇಳಿದರು. ಬೇಡಮ್ಮ, ಅದು ನಿಮ್ಮ ಹತ್ತಿರವೇ ಇರಲಿ ಅಂತ ಹೇಳಿ ಎಲ್ಲ ಹಾಳೆಯನ್ನೂ ಜೆರಾಕ್ಸ್ ಮಾಡಿಕೊಟ್ಟೆ, ಅ ಆ ಇ ಈ ಇದ್ದ ಹಾಳೆಗಳನ್ನೂ ಸೇರಿಸಿ. ಇನ್ನೊಂದು ಸೆಟ್ಟು ನನ್ನ ಅಂಗಡಿಯಲ್ಲಿ ಇದೆ. ಆ ಬಾಟ್ಲಿ ಲೆಕ್ಕ ತಾಳೆ ನೋಡಲು ನಿಮ್ಮ ಕಡೆಯಿಂದ ಯಾರಾದರೂ ಬರುತ್ತಾರೆ ಅಂದರೆ ಆ ದಿನ ಅಂಗಡಿ ಮುಚ್ಚಿ ಅವರ ಜೊತೆ ಬರುತ್ತೇನೆ.

ನಿಮ್ಮ ಉತ್ತರಕ್ಕೆ ಕಾಯುತ್ತಿರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಟೈಪಿಂಗ್ ಅಂಗಡಿಯವನು, ಮೈಸೂರು